ಎರಡು ಭಾಷೆಯ ತರಗತಿ: ಶಿಕ್ಷಕರಿಗೆ ಯಾವ ನೆರವನ್ನು ಮೊದಲು ಒದಗಿಸಬೇಕು?

ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಪಾಠ ನಡೆಯುವ ತರಗತಿಗಳು ಈಗ ಅಪರೂಪವಲ್ಲ. 2007–08ರಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಆರಂಭಿಸಿದ ರಾಜ್ಯವು 2019–20ರಲ್ಲಿ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. 2024–25ರ ಆಯವ್ಯಯದಲ್ಲಿ 2,000 ಪ್ರಾಥಮಿಕ ಶಾಲೆಗಳನ್ನು ದ್ವಿಭಾಷಾ ಮಾಧ್ಯಮದ ಶಾಲೆಗಳಾಗಿ ಪರಿವರ್ತಿಸುವ ಘೋಷಣೆ ಹೊರಬಿತ್ತು. ಇದು ಆಗಬೇಕಿತ್ತೇ, ಆಗಬಾರದಿತ್ತೇ ಎಂಬ ಚರ್ಚೆ ದೊಡ್ಡದು. ಅದನ್ನು ನಾನು ಇಲ್ಲಿ ಎತ್ತಿಕೊಳ್ಳುತ್ತಿಲ್ಲ. ಕೋಣೆಯೊಳಗೆ ಈಗಾಗಲೇ ಮಕ್ಕಳು ಕುಳಿತಿದ್ದಾರೆ, ಅವರ ಎದುರು ಒಬ್ಬ ಶಿಕ್ಷಕಿ ನಿಂತಿದ್ದಾರೆ. ಆ ಶಿಕ್ಷಕಿಗೆ ನೆರವಾಗಬೇಕೆಂದು ಹಣವನ್ನೋ ಸಮಯವನ್ನೋ ಎತ್ತಿಟ್ಟಿರುವ ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಬ್ಲಾಕ್ ಮಟ್ಟದ ಅಧಿಕಾರಿಗಳು ಮತ್ತು ಶಾಲೆಗಳಿಗೆ ಕೈಜೋಡಿಸುವ ಸಂಸ್ಥೆಗಳವರು ಆ ಹಣವನ್ನು ಎಲ್ಲಿ ಹಾಕಬೇಕು ಎಂಬುದಷ್ಟೇ ಇಲ್ಲಿನ ವಿಷಯ.

ಈ ಪ್ರಶ್ನೆಗೆ ಬಹುಪಾಲು ಸಭೆಗಳಲ್ಲಿ ಒಂದೇ ಉತ್ತರ ಬರುತ್ತದೆ: ಒಂದು ತರಬೇತಿ ಕೊಡಿಸೋಣ. ಹಲವು ವರ್ಷ ಶಿಕ್ಷಕರ ತರಬೇತಿಗಳಲ್ಲಿ ತೊಡಗಿಕೊಂಡಿದ್ದ ನಾನೂ ಆ ಉತ್ತರವನ್ನೇ ಕೊಡುತ್ತಿದ್ದೆ. ಈಗ ಹಾಗೆ ಹೇಳಲು ಮನಸ್ಸು ಬರುವುದಿಲ್ಲ. ತರಬೇತಿ, ತರಗತಿಗೆ ಬಂದು ನೀಡುವ ಮಾರ್ಗದರ್ಶನ, ಆನ್‌ಲೈನ್ ಕೋರ್ಸು, ಎರಡು ಭಾಷೆಯ ಪಠ್ಯಸಾಮಗ್ರಿ, ಮನೆಮಾತು ಬಲ್ಲ ಸಹಾಯಕರು, ಕ್ಲಸ್ಟರ್ (ಹತ್ತಿರದ ಶಾಲೆಗಳ ಗುಂಪು) ಮಟ್ಟದ ಸಮಾಲೋಚನಾ ಸಭೆ ಇವು ಒಂದಕ್ಕೊಂದು ಬದಲಿಗಳಲ್ಲ. ಒಂದೊಂದು ಒಂದೊಂದು ಕೊರತೆಯನ್ನು ತುಂಬುತ್ತದೆ. ಆದ್ದರಿಂದ ನೆರವನ್ನು ಆರಿಸುವ ಮೊದಲು ಕೊರತೆ ಎಲ್ಲಿದೆ ಎಂಬುದನ್ನು ತಿಳಿಯಬೇಕಾಗುತ್ತದೆ.

ಕೊರತೆ ಯಾವ ಭಾಷೆಯಲ್ಲಿದೆ?

ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುವ ಕೊರತೆ, ಶಿಕ್ಷಕರ ಇಂಗ್ಲಿಷ್ ಮಾತು. ಒಂದನೇ ತರಗತಿಯಿಂದ ಡಿ.ಎಡ್.ವರೆಗೆ ಕನ್ನಡದಲ್ಲೇ ಓದಿ ಬಂದ ಶಿಕ್ಷಕಿಯು ಇಂಗ್ಲಿಷ್ ಪಠ್ಯವನ್ನು ಓದಬಲ್ಲರು, ಹಿಂದಿನ ರಾತ್ರಿ ಸಿದ್ಧಮಾಡಿಕೊಂಡ ವಾಕ್ಯಗಳನ್ನು ಸ್ಪಷ್ಟವಾಗಿ ಹೇಳಬಲ್ಲರು. ಆದರೆ ಮಗುವೊಂದು ನಿರೀಕ್ಷಿಸದ ಉತ್ತರ ಕೊಟ್ಟಾಗ ಅದನ್ನು ಹಿಡಿದು ಮುಂದಿನ ಪ್ರಶ್ನೆ ಕೇಳುವಷ್ಟು ಮಾತು ಅವರ ನಾಲಗೆಯ ಮೇಲೆ ಇರುವುದಿಲ್ಲ. ಆಗ ಅವರು ಮಗುವಿನ ಉತ್ತರವನ್ನು ಬದಿಗಿಟ್ಟು ಪುಸ್ತಕದ ಮುಂದಿನ ಸಾಲಿಗೆ ಹೋಗುತ್ತಾರೆ.

ಎರಡನೆಯದು ಮಗುವಿನ ಮನೆಮಾತು ಶಿಕ್ಷಕರಿಗೆ ಬಾರದಿರುವುದು. ಕಲಬುರಗಿ, ವಿಜಯಪುರದ ಕಡೆಯ ತಾಂಡಾಗಳಲ್ಲಿ ಮನೆಯೊಳಗಿನ ಮಾತು ಲಂಬಾಣಿ. ಅದು ಕನ್ನಡದ ಬಳಗದ ಭಾಷೆಯಲ್ಲ, ರಾಜಸ್ಥಾನಿಗೆ ಹತ್ತಿರವಾದದ್ದು. ಬೆಳಗಾವಿಯ ಗಡಿಯಲ್ಲಿ ಮರಾಠಿ, ಕೋಲಾರದ ಗಡಿಯಲ್ಲಿ ತೆಲುಗು, ಊರೂರಿನ ಓಣಿಗಳಲ್ಲಿ ಉರ್ದು, ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ ಮನೆಮಾತಾಗಿರುವ ಮಕ್ಕಳಿದ್ದಾರೆ. ಇಂಥ ಮಗುವಿಗೆ ನಾವು ದ್ವಿಭಾಷಾ ಎಂದು ಕರೆಯುವ ತರಗತಿಯು ಎರಡು ಹೊಸ ಭಾಷೆಗಳ ತರಗತಿ. ಇಂಗ್ಲಿಷ್ ಅರ್ಥವಾಗದಿದ್ದಾಗ ಶಿಕ್ಷಕರು ಕನ್ನಡಕ್ಕೆ ಇಳಿದರೆ ಆ ಮಗುವಿಗೆ ಏನೂ ಸಿಕ್ಕಂತಾಗುವುದಿಲ್ಲ.

ಮೂರನೆಯ ಕೊರತೆಯನ್ನು ಗುರುತಿಸುವವರು ಕಡಿಮೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಇದೇ. ಶಿಕ್ಷಕರಿಗೆ ಎರಡೂ ಭಾಷೆ ಬರುತ್ತದೆ, ಆದರೆ ಒಂದರಿಂದ ಇನ್ನೊಂದಕ್ಕೆ ಯಾವಾಗ, ಯಾಕೆ, ಹೇಗೆ ದಾಟಬೇಕು ಎಂಬುದು ತಿಳಿದಿರುವುದಿಲ್ಲ. ಭಿನ್ನರಾಶಿಯ ಪಾಠವನ್ನು ನೋಡಿ. ಕನ್ನಡದಲ್ಲಿ ನಾವು ‘ಐದರಲ್ಲಿ ಎರಡು ಭಾಗ’ ಎನ್ನುತ್ತೇವೆ. ಮೊದಲು ಇಡಿಯನ್ನು ಎಷ್ಟು ಪಾಲು ಮಾಡಿದೆವು ಎಂಬುದು ಬರುತ್ತದೆ, ಆಮೇಲೆ ಎಷ್ಟು ಪಾಲು ತೆಗೆದುಕೊಂಡೆವು ಎಂಬುದು. ಇಂಗ್ಲಿಷಿನಲ್ಲಿ ಅದೇ ‘ಟು ಫಿಫ್ತ್ಸ್’ ಆಗಿ, ಮೇಲಿನ ಸಂಖ್ಯೆ ಮೊದಲು ಬರುತ್ತದೆ. ‘ಹನ್ನೆರಡರಿಂದ ಐದನ್ನು ಕಳೆ’ ಎಂದರೆ ಮಗು 12 ಬರೆದು 5 ಕಳೆಯುತ್ತದೆ. ‘ಸಬ್‌ಟ್ರಾಕ್ಟ್ ಫೈವ್ ಫ್ರಮ್ ಟ್ವೆಲ್ವ್’ ಎಂದರೆ ಕಿವಿಗೆ ಬಿದ್ದ ಕ್ರಮದಲ್ಲೇ 5 ಬರೆದು ಅದರಿಂದ 12 ಕಳೆಯಲು ಹೊರಡುತ್ತದೆ. ಹದಿಮೂರು, ಮೂವತ್ತು ಎಂಬ ಪದಗಳು ಕನ್ನಡದ ಕಿವಿಗೆ ಬೇರೆಬೇರೆಯಾಗಿಯೇ ಕೇಳುತ್ತವೆ. ಥರ್ಟೀನ್, ಥರ್ಟಿ ಹಾಗಲ್ಲ. ಇವೆಲ್ಲ ಗಣಿತದ ತಪ್ಪುಗಳಂತೆ ಕಾಣುವ ಭಾಷೆಯ ತೊಡಕುಗಳು. ಎರಡೂ ಭಾಷೆಯಲ್ಲಿ ನಿರರ್ಗಳವಾಗಿ ಮಾತಾಡುವ ಶಿಕ್ಷಕರು ಕೂಡ, ಯಾರಾದರೂ ತೋರಿಸುವವರೆಗೆ, ಇದನ್ನು ಗಮನಿಸಿರುವುದಿಲ್ಲ.

ವಿಜ್ಞಾನದಲ್ಲಿ ದಾರಿ ಇನ್ನೂ ಉದ್ದ. ‘ದ್ಯುತಿಸಂಶ್ಲೇಷಣೆ’ ಎಂಬ ಪದ ಹಳ್ಳಿಯ ಮಗುವಿಗೆ ‘ಫೋಟೋಸಿಂಥೆಸಿಸ್’ನಷ್ಟೇ ಅಪರಿಚಿತ. ‘ಎಲೆ ಬಿಸಿಲಿನಲ್ಲಿ ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ’ ಎಂಬ ಮಾತಿನಿಂದ ಹೊರಟು ಪುಸ್ತಕದ ಕನ್ನಡವನ್ನು ದಾಟಿ ಇಂಗ್ಲಿಷ್ ಪದಕ್ಕೆ ಬರಬೇಕಾದರೆ ಅದು ಮೂರು ಮೆಟ್ಟಿಲಿನ ಕೆಲಸ. ಇಂಗ್ಲಿಷ್ ಪುಸ್ತಕದ ‘ಮೇಜ್’ ಹಳೆಯ ಮೈಸೂರಿನ ಕಡೆಯ ಮಗುವಿಗೆ ಮುಸುಕಿನ ಜೋಳ, ಉತ್ತರದ ಕಡೆಯ ಮಗುವಿಗೆ ಗೋವಿನಜೋಳ. ಶಿಕ್ಷಕರು ಬರೀ ‘ಜೋಳ’ ಎಂದು ಅನುವಾದಿಸಿದರೆ ಉತ್ತರದ ಮಗು ರೊಟ್ಟಿಯ ಬಿಳಿಜೋಳವನ್ನು ಮನಸ್ಸಿನಲ್ಲಿ ಕಾಣುತ್ತದೆ.

ಈ ಮೂರರಲ್ಲಿ ಯಾವುದು ಎಂದು ತಿಳಿಯಲು ಶಿಕ್ಷಕರಿಗೆ ಪರೀಕ್ಷೆ ಕೊಡುವ ಅಗತ್ಯವಿಲ್ಲ, ಕೊಡಲೂಬಾರದು. ಅವರ ಒಪ್ಪಿಗೆ ಪಡೆದು ಎರಡು ಪೀರಿಯಡ್ ಹಿಂದಿನ ಬೆಂಚಿನಲ್ಲಿ ಕುಳಿತು, ಶಿಕ್ಷಕರು ಯಾವ ಕ್ಷಣದಲ್ಲಿ ಭಾಷೆ ಬದಲಿಸಿದರು, ಆಗ ಮಕ್ಕಳ ಮುಖದಲ್ಲಿ ಏನಾಯಿತು, ಮಕ್ಕಳು ಒಂದು ಪದಕ್ಕಿಂತ ದೊಡ್ಡ ಉತ್ತರವನ್ನು ಎಷ್ಟು ಬಾರಿ, ಯಾವ ಭಾಷೆಯಲ್ಲಿ ಕೊಟ್ಟರು ಎಂಬುದನ್ನು ಬರೆದುಕೊಂಡರೆ ಸಾಕು.

ವಸತಿ ಸಹಿತ ತರಬೇತಿ

ಮೊದಲ ಕೊರತೆಗೆ ಇದು ತಕ್ಕ ಮದ್ದು. ಬೆಂಗಳೂರಿನಲ್ಲಿ 1963ರಲ್ಲಿ ಆರಂಭವಾದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು ಶಿಕ್ಷಕರಿಗೆ ನಡೆಸುವ 30 ದಿನಗಳ ತರಬೇತಿಯಂಥ ಕಾರ್ಯಕ್ರಮಗಳಲ್ಲಿ ಶಿಕ್ಷಕರು ಬೆಳಗಿನಿಂದ ಸಂಜೆಯವರೆಗೆ ಇಂಗ್ಲಿಷ್ ಕೇಳುತ್ತಾರೆ, ಮಾತಾಡುತ್ತಾರೆ, ತಪ್ಪು ಮಾಡುತ್ತಾರೆ, ತಿದ್ದಿಕೊಳ್ಳುತ್ತಾರೆ. ಬಾಯಿ ಬಿಚ್ಚಲು ಅಂಜುವ ಶಿಕ್ಷಕರಿಗೆ ಅಂಥ ಒಂದು ತಿಂಗಳು ದೊಡ್ಡ ಧೈರ್ಯ ಕೊಡುತ್ತದೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಹಗುರವಾಗಿ ಮಾತಾಡಲಾರೆ.

ಆದರೆ ಇದರ ಬೆಲೆಯನ್ನು ತರಬೇತಿಯ ಖರ್ಚಿನಲ್ಲಷ್ಟೇ ಲೆಕ್ಕ ಹಾಕಬಾರದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಅವರಲ್ಲಿ ಒಬ್ಬರು ತಿಂಗಳು ಹೊರಗಿದ್ದರೆ, ವರ್ಷದ 200 ಶಾಲಾ ದಿನಗಳಲ್ಲಿ ಅಷ್ಟು ದಿನ ಐದು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳಬೇಕು. ಬದಲಿಗೆ ಅತಿಥಿ ಶಿಕ್ಷಕರನ್ನು ಮೊದಲೇ ಗೊತ್ತುಮಾಡದೆ ಇಂಥ ಶಾಲೆಯಿಂದ ಯಾರನ್ನೂ ಕಳಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು ಮಿತಿಯೂ ಇದೆ: ಮೂರನೆಯ ಕೊರತೆಯನ್ನು ಈ ತರಬೇತಿ ಮುಟ್ಟುವುದೇ ಇಲ್ಲ. ಇಂಗ್ಲಿಷಿನಲ್ಲೇ ನಡೆಯುವ ತರಬೇತಿಯಿಂದ ಮರಳಿದ ಕೆಲವು ಶಿಕ್ಷಕರು ತರಗತಿಯಲ್ಲಿ ಕನ್ನಡ ಬಳಸುವುದೇ ತಪ್ಪೆಂಬ ಭಾವನೆಯನ್ನು ಹೊತ್ತು ಬಂದಿದ್ದನ್ನೂ ನೋಡಿದ್ದೇನೆ. ಆ ವರ್ಷ ಅವರ ಮಕ್ಕಳು ಮೊದಲಿಗಿಂತ ಮೌನವಾಗಿದ್ದರು.

ತರಗತಿಗೇ ಬಂದು ನೀಡುವ ಮಾರ್ಗದರ್ಶನ

ತರಬೇತಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ದಕ್ಷಿಣ ಆಫ್ರಿಕಾದಲ್ಲಿ ಅಳೆದು ನೋಡಿದ್ದಾರೆ. ಅಲ್ಲಿನ ನಾರ್ತ್ ವೆಸ್ಟ್ ಪ್ರಾಂತ್ಯದಲ್ಲಿ 2015 ಮತ್ತು 2016ರಲ್ಲಿ ಸೆಟ್ಸ್ವಾನಾ ಮನೆಮಾತಿನ ಮಕ್ಕಳಿಗೆ ಓದು ಕಲಿಸುವ ಶಿಕ್ಷಕರ ಎರಡು ಗುಂಪುಗಳಿಗೂ ಒಂದೇ ಬಗೆಯ ಪಾಠಯೋಜನೆ ಮತ್ತು ಓದುವ ಪುಸ್ತಕಗಳನ್ನು ಕೊಟ್ಟು, ಒಂದು ಗುಂಪನ್ನು ಒಂದೆಡೆ ಸೇರಿಸಿ ತರಬೇತಿ ನೀಡಲಾಯಿತು. ಇನ್ನೊಂದು ಗುಂಪಿನ ತರಗತಿಗಳಿಗೆ ಮಾರ್ಗದರ್ಶಕರೇ ನಿಯಮಿತವಾಗಿ ಹೋದರು. ಎರಡು ವರ್ಷಗಳ ಕೊನೆಗೆ ಮಾರ್ಗದರ್ಶನ ಪಡೆದ ಗುಂಪಿನ ಮಕ್ಕಳ ಓದಿನ ಗಳಿಕೆ ತರಬೇತಿ ಗುಂಪಿನ ಗಳಿಕೆಯ ಸುಮಾರು ಎರಡರಷ್ಟಿತ್ತು. ಖರ್ಚೂ ಹೆಚ್ಚಾಗಿತ್ತು ಎಂಬುದನ್ನು ಮರೆಮಾಚಬಾರದು. ದಕ್ಷಿಣ ಆಫ್ರಿಕಾದ ಫಲಿತಾಂಶವನ್ನು ಹಾಗೆಯೇ ಯಾದಗಿರಿಗೋ ಚಾಮರಾಜನಗರಕ್ಕೋ ಅಂಟಿಸಲಾಗದು. ಆದರೂ ಮನೆಮಾತು ಒಂದು, ಇಂಗ್ಲಿಷ್ ಇನ್ನೊಂದು ಎಂಬ ಅಲ್ಲಿನ ತರಗತಿಯ ಸ್ಥಿತಿ ನಮ್ಮದಕ್ಕೆ ಹತ್ತಿರದ್ದೇ.

ನಮ್ಮಲ್ಲಿ ಈ ಕೆಲಸಕ್ಕೆಂದೇ ಸಿಆರ್‌ಪಿಗಳು, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು, ಇದ್ದಾರೆ. ಆದರೆ ಅವರ ಹೆಗಲ ಮೇಲೆ ಅಂಕಿಅಂಶ, ವರದಿ, ಸುತ್ತೋಲೆಗಳ ಹೊರೆಯೂ ಇದೆ. ಶಾಲೆಗೆ ಬಂದವರು ದಾಖಲೆ ನೋಡಿ ಸಹಿ ಹಾಕಿ ಮುಂದಿನ ಶಾಲೆಗೆ ಹೊರಡಬೇಕಾಗುತ್ತದೆ. ಅದನ್ನು ಮಾರ್ಗದರ್ಶನ ಎನ್ನಲಾಗದು. ಸಿಆರ್‌ಪಿಗೆ ಬಿಡುವಿಲ್ಲದಿದ್ದರೆ ಅದೇ ಕ್ಲಸ್ಟರಿನ ಅನುಭವಿ ಶಿಕ್ಷಕಿಯೊಬ್ಬರನ್ನು ತಿಂಗಳಿಗೆ ಎರಡು ದಿನ ಈ ಕೆಲಸಕ್ಕೆ ಬಿಡುಗಡೆ ಮಾಡಬಹುದು. ಯಾರೇ ಬರಲಿ, ಕೆಲವು ಷರತ್ತುಗಳನ್ನು ಸಡಿಲಿಸಬಾರದು. ಬಂದವರು ಸಂದರ್ಶನ ಪುಸ್ತಕದಲ್ಲಿ ಅಭಿಪ್ರಾಯ ಬರೆಯಬಾರದು. ಬರೆದರೆ ಅದು ತಪಾಸಣೆಯಾಗುತ್ತದೆ, ಶಿಕ್ಷಕರು ತಮ್ಮ ತೊಡಕನ್ನು ಹೇಳುವ ಬದಲು ತಮಗೆ ಬರುವ ಪಾಠವನ್ನೇ ಮಾಡಿ ತೋರಿಸುತ್ತಾರೆ. ಬಂದವರು ಪಾಠದ ಒಂದು ಭಾಗವನ್ನು ತಾವೇ ಮಾಡಬೇಕು, ಅಲ್ಲಿ ತಾವೂ ತಡವರಿಸಬೇಕು. ಪಾಠ ಮುಗಿದ ಮೇಲೆ ಅರ್ಧ ಗಂಟೆ ಇಬ್ಬರೂ ಕುಳಿತು ಒಂದೇ ಒಂದು ಸಂಗತಿಯನ್ನು ಮಾತಾಡಬೇಕು: ಈ ಕ್ಷಣದಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಬಂದಿರಿ, ಯಾಕೆ ಬಂದಿರಿ, ಬಾರದೆ ಚಿತ್ರ ತೋರಿಸಿದ್ದರೆ ಸಾಕಿತ್ತೇ? ಕೊನೆಯದಾಗಿ, ಅವರು ಮತ್ತೆ ಬರಬೇಕು. ಒಂದೇ ಭೇಟಿಗೆ ಮುಗಿಯುವ ಮಾರ್ಗದರ್ಶನಕ್ಕಿಂತ ಭೇಟಿಯೇ ಇಲ್ಲದಿರುವುದು ಮೇಲು. ಆಗ ಶಿಕ್ಷಕರಿಗೆ ಕನಿಷ್ಠ ನಿರಾಸೆಯಾದರೂ ತಪ್ಪುತ್ತದೆ.

ಒಮ್ಮೆ ಹೀಗೆ ಕುಳಿತಿದ್ದಾಗ ಮೂರನೇ ತರಗತಿಯ ಶಿಕ್ಷಕಿಯೊಬ್ಬರು, ತಾವು ಪ್ರತಿ ಇಂಗ್ಲಿಷ್ ವಾಕ್ಯದ ಹಿಂದೆಯೇ ಅದರ ಕನ್ನಡವನ್ನೂ ಹೇಳುತ್ತಿರುವುದು ತಮಗೇ ಗೊತ್ತಿರಲಿಲ್ಲ ಎಂದರು. ಮಕ್ಕಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಇಂಗ್ಲಿಷ್ ವಾಕ್ಯ ಮುಗಿಯುವವರೆಗೆ ಕಿಟಕಿಯ ಕಡೆ ನೋಡುತ್ತಿದ್ದ ಮಕ್ಕಳು ಕನ್ನಡ ಶುರುವಾಗುತ್ತಲೇ ಇತ್ತ ತಿರುಗುತ್ತಿದ್ದರು. ಮುಂದಿನ ವಾರದಿಂದ ಅವರು ಕ್ರಮವನ್ನೇ ಬದಲಿಸಿದರು: ಮೊದಲು ಐದು ನಿಮಿಷ ವಿಷಯವನ್ನು ಕನ್ನಡದಲ್ಲಿ ಮಾತಾಡಿ, ಆಮೇಲೆ ಕನ್ನಡವಿಲ್ಲದೆ ಹತ್ತು ನಿಮಿಷ ಚಿತ್ರ ಮತ್ತು ವಸ್ತುಗಳೊಂದಿಗೆ ಇಂಗ್ಲಿಷಿನಲ್ಲಿ, ಕೊನೆಗೆ ಮಕ್ಕಳು ತಮಗೆ ಬಂದ ಭಾಷೆಯಲ್ಲಿ. ಇಂಥ ಬದಲಾವಣೆಯನ್ನು ನಾನು ನಡೆಸಿದ ಯಾವ ತರಬೇತಿಯೂ ತಂದಿರಲಿಲ್ಲ.

ಆನ್‌ಲೈನ್ ನೆರವು

ಸರ್ಕಾರದ ಆನ್‌ಲೈನ್ ಕಲಿಕಾ ತಾಣವಾದ ದೀಕ್ಷಾ ವೇದಿಕೆಯ ಕೋರ್ಸುಗಳು, ಪಠ್ಯಪುಸ್ತಕದ ಕ್ಯೂಆರ್ ಕೋಡ್ ತೆರೆದರೆ ಸಿಗುವ ವಿಡಿಯೊಗಳು ಇವೆಲ್ಲ ಶಿಕ್ಷಕರನ್ನು ಶಾಲೆಯಿಂದ ಹೊರಗೆಳೆಯುವುದಿಲ್ಲ. ಅದು ಸಣ್ಣ ಲಾಭವಲ್ಲ. ಆದರೆ ನೇರ ಮಾರ್ಗದರ್ಶನಕ್ಕೆ ಇವನ್ನು ಬದಲಿಯಾಗಿಸುವ ಆಸೆಗೆ ಬೀಳುವ ಮೊದಲು, ದಕ್ಷಿಣ ಆಫ್ರಿಕಾದವರೇ ಮುಂದೆ ಎಂಪುಮಲಂಗಾ ಪ್ರಾಂತ್ಯದಲ್ಲಿ ನಡೆಸಿದ ಇನ್ನೊಂದು ಪ್ರಯೋಗವನ್ನು ಗಮನಿಸಬೇಕು. ಅಲ್ಲಿ ಇಂಗ್ಲಿಷ್ ಕಲಿಸುವ ಶಿಕ್ಷಕರ ಒಂದು ಗುಂಪಿಗೆ ಮಾರ್ಗದರ್ಶಕರು ಶಾಲೆಗೇ ಬಂದರು, ಇನ್ನೊಂದು ಗುಂಪಿಗೆ ಟ್ಯಾಬ್ಲೆಟ್ ಮತ್ತು ಫೋನಿನ ಮೂಲಕ ನೆರವಾದರು. ಮೂರು ವರ್ಷಗಳ ನಂತರ ಎರಡೂ ಗುಂಪಿನ ಮಕ್ಕಳ ಇಂಗ್ಲಿಷ್ ಮಾತು ಸುಧಾರಿಸಿತ್ತು, ಆದರೆ ನೇರ ಭೇಟಿಯ ಗುಂಪಿನಲ್ಲಿ ಸುಧಾರಣೆ ಎರಡರಷ್ಟಕ್ಕಿಂತಲೂ ಹೆಚ್ಚು. ಇಂಗ್ಲಿಷ್ ಓದು ಸುಧಾರಿಸಿದ್ದು ನೇರ ಭೇಟಿಯ ಗುಂಪಿನಲ್ಲಿ ಮಾತ್ರ. ನನ್ನನ್ನು ಹೆಚ್ಚು ಕಾಡಿದ್ದು ಮತ್ತೊಂದು ಫಲಿತಾಂಶ: ದೂರದಿಂದ ನೆರವು ಪಡೆದ ಗುಂಪಿನಲ್ಲಿ ಮಕ್ಕಳ ಮನೆಮಾತಿನ ಓದು ಹಿಂದೆ ಬಿದ್ದಿತ್ತು. ಇಂಗ್ಲಿಷಿಗೆ ಕೊಟ್ಟ ಗಮನವನ್ನು ಮನೆಮಾತಿನಿಂದ ಕಿತ್ತುಕೊಂಡು ಕೊಟ್ಟರೆ ಎರಡೂ ಭಾಷೆಯ ತರಗತಿ ಎಂಬುದಕ್ಕೆ ಅರ್ಥವಿರುವುದಿಲ್ಲ. ಆನ್‌ಲೈನ್ ಸಾಮಗ್ರಿಯನ್ನು ಸಭೆಗೋ ಭೇಟಿಗೋ ಪೂರಕವಾಗಿ ಇಟ್ಟುಕೊಳ್ಳಿ, ಒಂಟಿಯಾಗಿ ಬಿಡಬೇಡಿ.

ಎರಡು ಭಾಷೆಯ ಪುಸ್ತಕ ಮತ್ತು ಪದಪಟ್ಟಿ

ಆಂಧ್ರಪ್ರದೇಶವು ಒಂದು ಪುಟದಲ್ಲಿ ಇಂಗ್ಲಿಷ್, ಎದುರು ಪುಟದಲ್ಲಿ ಅದೇ ಪಾಠದ ತೆಲುಗು ಇರುವ ಪಠ್ಯಪುಸ್ತಕಗಳನ್ನು ತಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಗಣಿತ, ವಿಜ್ಞಾನಗಳಿಗೆ ಒಳ್ಳೆಯ ದ್ವಿಭಾಷಾ ಪುಸ್ತಕಗಳು ಬೇಕು ಎನ್ನುತ್ತದೆ. ಇಂಥ ಪುಸ್ತಕದಿಂದ ಶಿಕ್ಷಕರಿಗೆ ಪದಗಳ ಹುಡುಕಾಟ ತಪ್ಪುತ್ತದೆ, ಪೋಷಕರಿಗೆ ಮಗು ಏನು ಓದುತ್ತಿದೆ ಎಂಬುದು ತಿಳಿಯುತ್ತದೆ. ಅಪಾಯವೆಂದರೆ, ಮೇಲೆ ಹೇಳಿದ ಸಾಲಿಗೆ ಸಾಲು ಅನುವಾದದ ಅಭ್ಯಾಸಕ್ಕೆ ಪುಸ್ತಕವೇ ಅಧಿಕೃತ ಮುದ್ರೆ ಒತ್ತಿದಂತಾಗುತ್ತದೆ. ವೇಲ್ಸಿನ ಶಿಕ್ಷಣ ತಜ್ಞ ಕೆನ್ ವಿಲಿಯಮ್ಸ್ ವೆಲ್ಶ್–ಇಂಗ್ಲಿಷ್ ತರಗತಿಗಳಿಗಾಗಿ ರೂಪಿಸಿದ ಕ್ರಮ ಇಲ್ಲಿ ಕೆಲಸಕ್ಕೆ ಬರುತ್ತದೆ: ಮಕ್ಕಳು ಒಂದು ಭಾಷೆಯಲ್ಲಿ ಓದಲಿ ಅಥವಾ ಕೇಳಲಿ, ತಿಳಿದದ್ದನ್ನು ಇನ್ನೊಂದು ಭಾಷೆಯಲ್ಲಿ ಹೇಳಲಿ ಅಥವಾ ಬರೆಯಲಿ. ಕನ್ನಡದ ಪುಟವನ್ನು ಗುಂಪಿನಲ್ಲಿ ಓದಿ ಇಂಗ್ಲಿಷಿನಲ್ಲಿ ಚಿತ್ರಕ್ಕೆ ಹೆಸರು ಬರೆಯುವ ಮಗು ಅನುವಾದಕ್ಕಾಗಿ ಕಾಯುವುದಿಲ್ಲ, ಯೋಚಿಸಬೇಕಾಗುತ್ತದೆ.

ಹಣ ತೀರಾ ಕಡಿಮೆಯಿದ್ದರೆ ಪುಸ್ತಕಕ್ಕಿಂತ ಮೊದಲು ಪದಪಟ್ಟಿ ಮಾಡಿಸಿ. ಪ್ರತಿ ಪಾಠಕ್ಕೆ ಎಂಟು ಹತ್ತು ಪದ, ಒಂದೊಂದಕ್ಕೂ ಮೂರು ಕಾಲಂ: ಮನೆಯಲ್ಲಿ ಆಡುವ ಪದ, ಪುಸ್ತಕದ ಕನ್ನಡ, ಇಂಗ್ಲಿಷ್. ಮೊದಲ ಕಾಲಂ ಅನ್ನು ಮಕ್ಕಳಿಂದಲೇ ತುಂಬಿಸಬೇಕು. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ಕೋಣೆಯ ಚಪ್ಪರಕ್ಕೆ ಈ ಪದಗಳ ಕಾರ್ಡುಗಳನ್ನು ತೂಗುಹಾಕಿದರೆ ಅವು ದಿನವೂ ಕಣ್ಣಿಗೆ ಬೀಳುತ್ತವೆ.

ಮನೆಮಾತು ಬಲ್ಲ ಸಹಾಯಕರು

ಎರಡನೆಯ ಕೊರತೆಗೆ ಇದಲ್ಲದೆ ಬೇರೆ ಮದ್ದಿಲ್ಲ ಎಂದೇ ನಾನು ಹೇಳುತ್ತೇನೆ. ಒಡಿಶಾ 2007ರ ಹೊತ್ತಿಗೆ ಹತ್ತು ಬುಡಕಟ್ಟು ಭಾಷೆಗಳಲ್ಲಿ ಬಹುಭಾಷಾ ಶಿಕ್ಷಣವನ್ನು ಆರಂಭಿಸಿದಾಗ ಆ ಸಮುದಾಯಗಳಿಂದಲೇ ಶಿಕ್ಷಕರನ್ನು ತೆಗೆದುಕೊಳ್ಳಬೇಕಾಯಿತು. ತಾಂಡಾದ ಶಾಲೆಯಲ್ಲಿ ದ್ವಿತೀಯ ಪಿಯು ಮುಗಿಸಿದ ಅದೇ ತಾಂಡಾದ ಹುಡುಗಿಯೊಬ್ಬಳು ಬೆಳಗಿನ ಎರಡು ಗಂಟೆ ಒಂದನೇ ಮತ್ತು ಎರಡನೇ ತರಗತಿಯಲ್ಲಿ ಕುಳಿತರೆ ಆಗುವ ವ್ಯತ್ಯಾಸವನ್ನು ಯಾವ ಕೋರ್ಸೂ ಮಾಡಲಾರದು. ಅವಳನ್ನು ಬರೀ ದುಭಾಷಿಯಾಗಿಸದೆ, ಕಥೆ ಹೇಳಲು, ಮಕ್ಕಳ ಗುಂಪಿನೊಂದಿಗೆ ಮಾತಾಡಲು, ಶಿಕ್ಷಕರಿಗೆ ದಿನಕ್ಕೆ ನಾಲ್ಕು ಲಂಬಾಣಿ ಮಾತು ಕಲಿಸಲು ಬಿಡಬೇಕು. ಗೌರವಧನ ತಿಂಗಳು ತಿಂಗಳು ಸರಿಯಾಗಿ ಸಿಗಬೇಕು. ಮಧ್ಯದಲ್ಲಿ ನಿಂತುಹೋಗುವ ಗೌರವಧನದಿಂದ ಮೊದಲು ನೋಯುವವರು ಅವಳನ್ನು ಹಚ್ಚಿಕೊಂಡ ಮಕ್ಕಳು.

ಆರಿಸುವುದು ಹೇಗೆ

ಇಬ್ಬರೇ ಶಿಕ್ಷಕರಿರುವ ಶಾಲೆಯಾದರೆ ಮಾರ್ಗದರ್ಶಕರ ಭೇಟಿ ಮತ್ತು ಪದಪಟ್ಟಿಯಿಂದ ಆರಂಭಿಸಿ. ವಸತಿ ತರಬೇತಿಯನ್ನು ಬದಲಿ ಶಿಕ್ಷಕರು ಸಿಗುವವರೆಗೆ ಮುಂದೂಡಿ. ಹಲವು ವಿಭಾಗಗಳಿರುವ ಪಟ್ಟಣದ ಶಾಲೆಯಲ್ಲಿ ಒಬ್ಬರನ್ನು ತರಬೇತಿಗೆ ಕಳಿಸಬಹುದು, ಆದರೆ ಮರಳಿದವರು ವಾರಕ್ಕೊಂದು ಪೀರಿಯಡ್ ಸಹೋದ್ಯೋಗಿಯ ತರಗತಿಯಲ್ಲಿ ಕುಳಿತುಕೊಳ್ಳುವಂತೆ ವೇಳಾಪಟ್ಟಿಯಲ್ಲೇ ಜಾಗ ಮಾಡಿದ ಮೇಲೆ. ತಾಂಡಾ, ಬುಡಕಟ್ಟು ಜನರ ಹಾಡಿ, ಗಡಿಯ ಶಾಲೆಗಳಲ್ಲಿ ಮೊದಲ ರೂಪಾಯಿ ಮನೆಮಾತು ಬಲ್ಲವರಿಗೆ ಹೋಗಲಿ. ಹಣವೇ ಇಲ್ಲದಿದ್ದರೆ ಸಮಾಲೋಚನಾ ಸಭೆ ಇದ್ದೇ ಇದೆ: ಸುತ್ತೋಲೆಗಳನ್ನು ಓದಿ ಹೇಳುವ ಹೊತ್ತಿನಲ್ಲಿ ಒಂದು ಗಂಟೆಯನ್ನು ಉಳಿಸಿ, ಮುಂದಿನ ತಿಂಗಳ ಒಂದೇ ಒಂದು ಪಾಠವನ್ನು ಯಾವ ಭಾಗ ಯಾವ ಭಾಷೆಯಲ್ಲಿ ಎಂದು ಎಲ್ಲರೂ ಸೇರಿ ಬಿಡಿಸಿ ಬರೆಯಬಹುದು.

ಫಲವನ್ನು ಎಷ್ಟು ದಿನಕ್ಕೆ ಕೇಳಬೇಕು ಎಂಬುದನ್ನೂ ಮೊದಲೇ ಒಪ್ಪಿಕೊಂಡಿರಬೇಕು. ಹೊಸ ಭಾಷೆಯಲ್ಲಿ ದಿನಬಳಕೆಯ ಮಾತು ಮಕ್ಕಳಿಗೆ ಸುಮಾರು ಎರಡು ವರ್ಷಗಳಲ್ಲಿ ಒಲಿಯಬಹುದು, ಪಾಠದ ಭಾಷೆಗೆ ಐದರಿಂದ ಏಳು ವರ್ಷ ಬೇಕಾಗುತ್ತದೆ ಎಂಬುದು ಕೆನಡಾದ ಜಿಮ್ ಕಮಿನ್ಸ್ ಅವರ ಅಧ್ಯಯನಗಳಿಂದ ಪ್ರಸಿದ್ಧವಾದ ಮಾತು. ಅದೂ ಆ ಭಾಷೆಯನ್ನು ಬೀದಿಯಲ್ಲೂ ಕೇಳುತ್ತ ಬೆಳೆಯುವ ವಲಸಿಗ ಮಕ್ಕಳ ವಿಷಯ. ಶಾಲೆಯ ಗೇಟು ದಾಟಿದರೆ ಇಂಗ್ಲಿಷ್ ಕಿವಿಗೆ ಬೀಳದ ನಮ್ಮ ಊರುಗಳಲ್ಲಿ ಇನ್ನೂ ತಾಳ್ಮೆ ಬೇಕು. ಮೊದಲ ವರ್ಷದ ಕೊನೆಗೆ ಅಂಕಗಳನ್ನು ನೋಡಬೇಡಿ. ಮಕ್ಕಳು ಪೂರ್ಣ ವಾಕ್ಯದಲ್ಲಿ, ಯಾವುದೇ ಭಾಷೆಯಲ್ಲಿ, ಪ್ರಶ್ನೆ ಕೇಳುತ್ತಿದ್ದಾರೆಯೇ ಎಂಬುದನ್ನು ನೋಡಿ.

ಇಷ್ಟರ ಜೊತೆಗೆ, ಯಾವ ಖರ್ಚೂ ಇಲ್ಲದ, ಆದರೆ ಕೊಡಲು ಎಲ್ಲರೂ ಹಿಂಜರಿಯುವ ಒಂದು ನೆರವಿದೆ. ತರಗತಿಯಲ್ಲಿ ಕನ್ನಡ ಕೇಳಿಸಿದರೆ ಬಂದ ಅಧಿಕಾರಿ ಗದರಬಹುದು, ಇಂಗ್ಲಿಷ್ ಕೇಳಿಸದಿದ್ದರೆ ಪೋಷಕರು ಮಗುವನ್ನು ಬಿಡಿಸಿಕೊಂಡು ಹೋಗಬಹುದು ಎಂಬ ಭಯದಲ್ಲಿ ಶಿಕ್ಷಕರು ನಿತ್ಯ ಪಾಠ ಮಾಡುತ್ತಾರೆ. ಪಾಠದಲ್ಲಿ ಎರಡೂ ಭಾಷೆಗಳನ್ನೂ ಮಗುವಿನ ಮನೆಮಾತನ್ನೂ ಬಳಸಬಹುದು, ಕಿರುಪರೀಕ್ಷೆಗಳಲ್ಲಿ ಮಗು ಯಾವ ಭಾಷೆಯಲ್ಲಿ ಉತ್ತರಿಸಿದರೂ ಅಂಕವಿದೆ ಎಂದು ಒಂದು ಪುಟದಲ್ಲಿ ಬರೆದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮತ್ತು ಮುಖ್ಯ ಶಿಕ್ಷಕರು ಸಹಿ ಮಾಡಿ, ಶಾಲೆ ತೆರೆಯುವ ವಾರದ ಪೋಷಕರ ಸಭೆಯಲ್ಲಿ ಶಿಕ್ಷಕರ ಎದುರಿನಲ್ಲೇ ಓದಿ ಹೇಳಬೇಕು. ಮಾರ್ಗದರ್ಶಕರ ಮೊದಲ ಭೇಟಿ ಆ ಸಭೆಯ ಮಾರನೆಯ ವಾರಕ್ಕೆ ಇರಲಿ.